ಬಿಳಿ, ಬೆಳ್ಳಿ, ಬೆಳಗೊಳ

ಬಿಳಿ ಎಂಬುದು ಕನ್ನಡದ ಅತ್ಯಂತ ಹಳೆಯ ಬಣ್ಣದ ಹೆಸರುಗಳಲ್ಲಿ ಒಂದು. ಅದರ ಬೇರು ‘ಬೆಳ್’. ತಮಿಳಿನ ವೆಳ್ಳೈ, ಮಲಯಾಳದ ವೆಳುಪ್ಪು, ತುಳುವಿನ ಬೊಳ್ದು ಎಲ್ಲವೂ ಇದೇ ಬೇರಿನ ಚಿಗುರುಗಳು. ತೆಲುಗಿನಲ್ಲಿ ಬಿಳಿಗೆ ‘ತೆಲುಪು’ ಎನ್ನುತ್ತಾರಾದರೂ ಬೆಳಕಿಗೆ ವೆಲುಗು, ಬೆಳದಿಂಗಳಿಗೆ ವೆನ್ನೆಲ, ಬೆಳ್ಳಿಗೆ ವೆಂಡಿ ಎಂಬ ಹೆಸರುಗಳಿದ್ದು, ಹಳೆಯ ಬೇರು ಅಲ್ಲಿಯೂ ಉಳಿದಿದೆ. ಮಾತಿನ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಡಿಕೆ. ತಮಿಳಿನ ವಿರಲ್ ನಮ್ಮಲ್ಲಿ ಬೆರಳು, ಅವರ ವಾಳೈ ನಮ್ಮ ಬಾಳೆ. ಹಾಗೆಯೇ ಅವರ ವೆಳ್ಳಿ ನಮ್ಮ ಬೆಳ್ಳಿ. ಮುಂದಿನ ಅಕ್ಷರದಲ್ಲಿ ಇಕಾರ ಅಥವಾ ಉಕಾರ ಬಂದಾಗ ‘ಬೆ’ ಎಂಬುದು ‘ಬಿ’ ಆಗಿ ಬಿಳಿ, ಬಿಳುಪು, ಬಿಳಿಚು ಎಂಬ ರೂಪಗಳು ಬಂದವು. ಬೆಳ್ಳಗೆ, ಬೆಳ್ಳನೆ, ಬೆಳ್ಳಿ ಎಂದು ಳಕಾರ ಇಮ್ಮಡಿಸಿದಾಗ ಹಳೆಯ ಎಕಾರ ಹಾಗೆಯೇ ನಿಂತಿತು. ಮೇಲ್ನೋಟಕ್ಕೆ ದೂರದವೆಂದು ಕಾಣುವ ಬಿಳಿ ಮತ್ತು ಬೆಳಕು ಎಂಬ ಎರಡು ಮಾತುಗಳು ಹೀಗೆ ಒಂದೇ ಮನೆಯವು.

ಈ ನಂಟೇ ಬಿಳಿಯ ಅರ್ಥಗಳನ್ನು ಬಿಡಿಸುವ ಕೀಲಿ. ಕೆಂಪು, ಹಸಿರು, ಹಳದಿ ಎಂದರೆ ಇಂದು ಮನಸ್ಸಿಗೆ ಬರುವುದು ಬಣ್ಣ. ಬಿಳಿಯ ಹಿಂದೆ ಮಾತ್ರ ಬಣ್ಣಕ್ಕಿಂತ ಮೊದಲು ಬೆಳಕು ನಿಂತಿದೆ. ಬೆಳಗು ಎಂದರೆ ಹೊತ್ತು ಮೂಡುವ ಸಮಯ. ಬೆಳಗು ಎಂದರೆ ಹೊಳೆ, ಪ್ರಕಾಶಿಸು. ದೇವರ ಮುಂದೆ ಆರತಿ ಬೆಳಗುತ್ತಾರೆ, ಹಿತ್ತಲಿನಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಪಾತ್ರೆಯನ್ನೂ ಬೆಳಗುತ್ತಾರೆ. ಮೊದಲನೆಯದು ಪೂಜೆ, ಎರಡನೆಯದು ಮನೆಗೆಲಸ. ಕನ್ನಡ ಎರಡಕ್ಕೂ ಒಂದೇ ಕ್ರಿಯಾಪದ ಕೊಟ್ಟಿದೆ, ಎರಡರಲ್ಲಿಯೂ ಆಗುವುದು ಹೊಳಪು ಹೊರಬರುವ ಕೆಲಸವೇ. ಬೆಳ್ಳಂಬೆಳಗ್ಗೆ ಎನ್ನುವಾಗ ಬೇರು ಎರಡು ಸಲ ಬರುತ್ತದೆ. ಬೆಳ್ ಮತ್ತು ತಿಂಗಳ್ ಸೇರಿ ಬೆಳ್ದಿಂಗಳ್, ಅಂದರೆ ಇಂದಿನ ಬೆಳದಿಂಗಳು. ಬೆಳ್ ಮತ್ತು ಕೊಡೆ ಸೇರಿ ಬೆಳ್ಗೊಡೆ. ಹಳಗನ್ನಡ ಕಾವ್ಯಗಳಲ್ಲಿ ಅರಸನ ತಲೆಯ ಮೇಲೆ ಹಿಡಿಯುವ ಬಿಳಿಯ ಕೊಡೆಯ ಹೆಸರು ಇದು.

ಬಣ್ಣದ ಹೆಸರುಗಳು ಭಾಷೆಗಳಲ್ಲಿ ಹೇಗೆ ಹುಟ್ಟುತ್ತವೆ ಎಂಬುದನ್ನು ಅಮೆರಿಕದ ವಿದ್ವಾಂಸರಾದ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರಲ್ಲಿ ಒಂದು ಪುಸ್ತಕದಲ್ಲಿ ಚರ್ಚಿಸಿದರು. ಎರಡೇ ಬಣ್ಣದ ಹೆಸರುಗಳಿರುವ ಭಾಷೆಗಳಲ್ಲಿ ಒಂದು ಬೆಳಕಿನ ಕಡೆಯದು, ಇನ್ನೊಂದು ಕತ್ತಲೆಯ ಕಡೆಯದು. ಮೂರನೆಯದು ಬಂದರೆ ಅದು ಕೆಂಪು ಎಂಬುದು ಅವರ ವಾದ. ಕನ್ನಡದ ಬೆಳ್ ಈ ಮಾತಿಗೆ ಚೆನ್ನಾಗಿ ಹೊಂದುತ್ತದೆ. ಸಂಸ್ಕೃತದ ‘ಶ್ವೇತ’ ಮತ್ತು ಇಂಗ್ಲಿಷಿನ ‘ವೈಟ್’ ಕೂಡ ಒಂದೇ ಮೂಲದಿಂದ ಬಂದವು, ಅವುಗಳ ಮೂಲಾರ್ಥವೂ ಹೊಳೆಯುವುದು. ಬೇರೆ ಬೇರೆ ಭಾಷಾಕುಲಗಳು ಒಂದೇ ದಾರಿ ಹಿಡಿದಿವೆ.

ಬೆಳ್ಳಿ ಎಂಬ ಮಾತಿಗೆ ಎರಡು ಅರ್ಥ: ಲೋಹ ಮತ್ತು ಶುಕ್ರಗ್ರಹ. ಗಡಿಯಾರವಿಲ್ಲದ ಕಾಲದಲ್ಲಿ ‘ಬೆಳ್ಳಿ ಮೂಡಿತು’ ಎಂದರೆ ಎತ್ತು ಹೂಡುವ ಹೊತ್ತಾಯಿತು ಎಂದು ಅರ್ಥ. ಶುಕ್ರ ವರ್ಷವಿಡೀ ಬೆಳಗಿನ ಜಾವ ಕಾಣುವುದಿಲ್ಲ. ಸುಮಾರು 584 ದಿನಗಳ ಒಂದು ಸುತ್ತಿನಲ್ಲಿ ಕೆಲವು ತಿಂಗಳು ಮೂಡಣದಲ್ಲಿ, ಕೆಲವು ತಿಂಗಳು ಸಂಜೆ ಪಡುವಣದಲ್ಲಿ ಕಂಡು, ನಡುವೆ ಸೂರ್ಯನ ಬೆಳಕಿನಲ್ಲಿ ಮರೆಯಾಗುತ್ತದೆ. ಆದರೆ ಮಾತಿನಲ್ಲಿ ಬೆಳ್ಳಿ ದಿನವೂ ಮೂಡುತ್ತದೆ. ಇತ್ತೀಚಿನ ಬಳಕೆಗಳಲ್ಲಿ ಇಪ್ಪತ್ತೈದು ವರ್ಷ ತುಂಬಿದ ಸಂಸ್ಥೆಯ ಬೆಳ್ಳಿಹಬ್ಬವಿದೆ, ಸಿನಿಮಾದ ಬೆಳ್ಳಿತೆರೆಯಿದೆ. ಹಿಂದೆ ಚಿತ್ರಮಂದಿರದ ಪರದೆಗೆ ಬೆಳಕು ಚೆನ್ನಾಗಿ ಮರಳಲೆಂದು ಬೆಳ್ಳಿಯಂತೆ ಹೊಳೆಯುವ ಲೇಪ ಹಚ್ಚುತ್ತಿದ್ದುದರಿಂದ ಆ ಹೆಸರು ಬಂತು.

ಅಡುಗೆಮನೆಯಲ್ಲಿ ಬೆಳ್ ಹೆಚ್ಚು ಮರೆಯಾಗಿ ಕುಳಿತಿದೆ. ಬೆಳ್ ಮತ್ತು ಉಳ್ಳಿ ಸೇರಿ ಬೆಳ್ಳುಳ್ಳಿ ಆದದ್ದು ಸುಲಭವಾಗಿ ತಿಳಿಯುತ್ತದೆ. ಬೆಣ್ಣೆ ಅಷ್ಟು ಸುಲಭವಲ್ಲ. ಬೆಳ್ ಎಂಬುದಕ್ಕೆ ‘ನೆಯ್’ ಸೇರಿ, ಎರಡು ವ್ಯಂಜನಗಳು ಒಂದರಲ್ಲೊಂದು ಕರಗಿ ಬೆಣ್ಣೆಯಾಯಿತು. ಅಂದರೆ ಬಿಳಿಯ ನೆಯ್. ಎಳ್ಳಿನಿಂದ ತೆಗೆದ ನೆಯ್ ಇದೇ ರೀತಿಯಲ್ಲಿ ಎಣ್ಣೆಯಾಯಿತು. ಇಂದು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಎನ್ನುವಾಗ ಎಳ್ಳು ಮರೆತುಹೋಗಿದೆ, ಬೆಣ್ಣೆ ಎನ್ನುವಾಗ ಬಿಳುಪು ಮರೆತುಹೋಗಿದೆ. ಊಟದ ಪಂಕ್ತಿಯಲ್ಲಿ ‘ಬಿಳಿ ಅನ್ನ’ ಎಂದು ಕೇಳುವುದು ಬಣ್ಣಕ್ಕಾಗಿ ಅಲ್ಲ. ಪುಳಿಯೋಗರೆ, ಚಿತ್ರಾನ್ನ, ಬಾತುಗಳ ನಡುವೆ ಏನೂ ಕಲಸದ ಬರಿಯ ಅನ್ನ ಬೇಕು ಎಂದು ಅದರ ಅರ್ಥ. ಬರೆಯದೆ ಉಳಿದದ್ದು ಬಿಳಿ ಹಾಳೆ, ಕಲಸದೆ ಉಳಿದದ್ದು ಬಿಳಿ ಅನ್ನ.

ಊರಿನ ಹೆಸರುಗಳಲ್ಲಿಯೂ ಬೆಳ್ ಉಳಿದಿದೆ. ಹಾಸನ ಜಿಲ್ಲೆಯಲ್ಲಿ ಈ ಬೇರಿಗೆ ದೊಡ್ಡ ಸಾಕ್ಷಿಯೆಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ. ಬೆಳ್ ಮತ್ತು ಕೊಳ ಸೇರಿ ಬೆಳ್ಗೊಳ. ಶಾಲೆಯ ವ್ಯಾಕರಣದಲ್ಲಿ ಇದು ಆದೇಶ ಸಂಧಿ: ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬಂದಿದೆ, ಬೆಳ್ಗೊಡೆಯಲ್ಲಿ ಬಂದಂತೆಯೇ. ಊರಿನ ನಡುವೆ, ಚಿಕ್ಕಬೆಟ್ಟ ಮತ್ತು ದೊಡ್ಡಬೆಟ್ಟಗಳ ಮಧ್ಯೆ ಇರುವ ಕಲ್ಯಾಣಿಯೇ ಆ ಬಿಳಿಯ ಕೊಳ. ಇಂದು ಕಾಣುವ ಅದರ ಮೆಟ್ಟಿಲು, ಗೋಪುರಗಳ ಕೆಲಸವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಆರಂಭಿಸಿದರು. ಕೊಳ ಮಾತ್ರ ಅವರಿಗಿಂತ ಬಹಳ ಹಿಂದಿನದು, ಏಕೆಂದರೆ ಊರಿನ ಹೆಸರಿನಲ್ಲಿಯೇ ಅದು ಇದೆ.

ಶ್ರವಣಬೆಳಗೊಳದಲ್ಲಿ ದೊರೆತ ಶಾಸನಗಳು ಐನೂರಕ್ಕೂ ಹೆಚ್ಚು. ಸಂಸ್ಕೃತದಲ್ಲಿ ಶಾಸನ ಬರೆದವರು ಊರಿನ ಹೆಸರನ್ನೂ ಸಂಸ್ಕೃತಕ್ಕೆ ತಿರುಗಿಸಿ ಶ್ವೇತಸರೋವರ, ಧವಳಸರೋವರ ಎಂದು ಬರೆದರು. ಆ ಕಾಲದವರಿಗೆ ಹೆಸರಿನ ಅರ್ಥ ಸ್ಪಷ್ಟವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಊರ ಜನರ ಬಾಯಲ್ಲಿ ಇನ್ನೊಂದು ವಿವರಣೆಯೂ ಇದೆ. ದೊಡ್ಡಬೆಟ್ಟದ ಮೇಲಿನ ಗೊಮ್ಮಟನ ಮೂರ್ತಿಗೆ ಅದನ್ನು ಮಾಡಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಚೂರು ಹಾಲು ಅಡಿಯವರೆಗೂ ಹರಿಯಿತು. ಆ ಗುಳ್ಳಕಾಯಜ್ಜಿಯ ‘ಬಿಳಿಯ ಗುಳ್ಳ’ದಿಂದ ಬೆಳ್ಗುಳ ಎಂಬ ಹೆಸರು ಬಂತು ಎನ್ನುತ್ತಾರೆ. ಕಥೆ ಸೊಗಸಾಗಿದೆ, ಅದರ ತಿರುಳೂ ದೊಡ್ಡದು. ಹೆಸರಿನ ಮೂಲವಾಗಿ ಮಾತ್ರ ಕೊಳದ ವಿವರಣೆಯೇ ಗಟ್ಟಿ. ಏನೇ ಆದರೂ ಎರಡು ವಿವರಣೆಗಳಲ್ಲಿಯೂ ಬಿಳಿ ಬಿಟ್ಟುಹೋಗಿಲ್ಲ. ಸುತ್ತಲಲ್ಲಿ ಹಳೇಬೆಳಗೊಳ, ಕೋಡಿಬೆಳಗೊಳ ಎಂಬ ಊರುಗಳೂ ಇದ್ದುದರಿಂದ ಜೈನ ಸನ್ಯಾಸಿಗಳ ಈ ಊರಿಗೆ ಶ್ರವಣ ಎಂಬ ಮಾತು ಮುಂದೆ ಸೇರಿತು.

ಊರಿನ ಹೆಸರಿನಲ್ಲಿ ‘ಬೆಳ’ ಅಥವಾ ‘ಬೇಲ’ ಕಂಡಲ್ಲೆಲ್ಲ ಬಿಳಿ ಹುಡುಕಬಾರದು. ಇದೇ ಜಿಲ್ಲೆಯ ಬೇಲೂರು ಶಾಸನಗಳಲ್ಲಿ ವೇಲಾಪುರ. ಅದಕ್ಕೂ ಬಿಳಿಗೂ ನಂಟಿಲ್ಲ. ಹೊಲದ ಬೆಳೆ, ಮಗುವಿನ ಬೆಳವಣಿಗೆ ಎನ್ನುವಾಗಿನ ‘ಬೆಳೆ’ ಕೂಡ ಬೇರೊಂದು ಮೂಲದ್ದು, ತಮಿಳಿನಲ್ಲಿ ಅದು ವಿಳೈ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವಾದರೆ ನಿಜವಾಗಿಯೂ ಬಿಳಿಯ ಗಿರಿ. ಸಂಸ್ಕೃತದಲ್ಲಿ ಅದನ್ನು ಶ್ವೇತಾದ್ರಿ ಎಂದೇ ಕರೆದಿದ್ದಾರೆ.

ಬೆಳಗೊಳದಲ್ಲಿ ಬಿಳಿಗೆ ಧರ್ಮದ ಅರ್ಥವೂ ಇದೆ. ಜೀವದ ಮನೋಭಾವಗಳನ್ನು ಜೈನರು ಆರು ಲೇಶ್ಯೆಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟಿದ್ದಾರೆ. ಕಪ್ಪಿನಿಂದ ಹೊರಟು ನೀಲ, ಪಾರಿವಾಳದ ಬೂದು, ಪೀತ, ಪದ್ಮಗಳನ್ನು ದಾಟಿ ಕೊನೆಗೆ ಸಿಗುವುದು ಶುಕ್ಲ. ಇದನ್ನು ತಿಳಿಸಲು ಹೇಳುವ ಕಥೆ ನೇರಳೆ ಮರದ್ದು. ಹಸಿದ ಆರು ಜನರಿಗೆ ಹಣ್ಣು ತುಂಬಿದ ಮರ ಕಾಣುತ್ತದೆ. ಒಬ್ಬ ಮರವನ್ನು ಬುಡಸಮೇತ ಕಡಿಯೋಣ ಎನ್ನುತ್ತಾನೆ, ಇನ್ನೊಬ್ಬ ದೊಡ್ಡ ಕೊಂಬೆ ಸಾಕು ಎನ್ನುತ್ತಾನೆ, ಮತ್ತೊಬ್ಬ ರೆಂಬೆ, ನಾಲ್ಕನೆಯವ ಗೊಂಚಲು, ಐದನೆಯವ ಹಣ್ಣು ಮಾತ್ರ. ಆರನೆಯವನು ನೆಲಕ್ಕೆ ಬಿದ್ದ ಹಣ್ಣೇ ಹಸಿವಿಗೆ ಸಾಕು ಎನ್ನುತ್ತಾನೆ. ಅವನದು ಶುಕ್ಲಲೇಶ್ಯೆ. ಇಲ್ಲಿ ಬಿಳಿ ಎಂದರೆ ಯಾರಿಗೂ ನೋವು ಮಾಡದ ಮನಸ್ಸು. ಮುಕ್ತಿಗೆ ಹತ್ತಿರದ ಧ್ಯಾನಕ್ಕೆ ಶುಕ್ಲಧ್ಯಾನ ಎಂದೇ ಹೆಸರು. ದಿಗಂಬರರ ಮೂಲ ಆಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ದೊಡ್ಡ ವ್ಯಾಖ್ಯಾನದ ಹೆಸರು ‘ಧವಲಾ’. ಅದರ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು, ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ ಅದನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡಿತು. ಬಿಳಿಯ ಕೊಳದ ಊರಿನಿಂದ ಬಿಳಿಯ ಹೆಸರಿನ ಗ್ರಂಥ ಕನ್ನಡಕ್ಕೆ ಬಂದದ್ದು ಸಂತೋಷದ ಸಂಗತಿ.

ಸುಮಾರು 981ರಲ್ಲಿ ನಿಂತ, 58 ಅಡಿ ಎತ್ತರದ ಗೊಮ್ಮಟನಿಗೆ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2018ರಲ್ಲಿ ನಡೆದದ್ದನ್ನು ಕಂಡವರಿಗೆ ಬಣ್ಣಗಳ ಆ ಸಾಲು ನೆನಪಿದ್ದೀತು. ನೀರು, ಎಳನೀರು, ಕಬ್ಬಿನ ರಸಗಳ ನಂತರ ಹಾಲು ಸುರಿದಾಗ ಕಲ್ಲಿನ ಬೂದು ಮುಚ್ಚಿ ಮೂರ್ತಿ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗುತ್ತದೆ. ಅಕ್ಕಿಹಿಟ್ಟು ಬಿದ್ದಾಗ ಆ ಬಿಳಿ ಮಂಜಿನಂತೆ ಮಂಕಾಗುತ್ತದೆ. ಮುಂದೆ ಅರಿಶಿನ, ಶ್ರೀಗಂಧ, ಕೇಸರಿಗಳು ಬರುತ್ತವೆ. ಬಿಳಿಯಲ್ಲಿಯೇ ಎಷ್ಟು ಬಗೆ ಎಂಬುದು ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುತ್ತದೆ.

ಜಿಲ್ಲೆಗೆ ಹೆಸರು ಕೊಟ್ಟ ಹಾಸನಾಂಬೆಗೂ ಬಿಳಿಗೂ ಒಂದು ದೂರದ ನಂಟಿದೆ. ಹಾಸ ಎಂದರೆ ನಗೆ. ನಗುಮೊಗದ ದೇವಿ ಎಂದು ಜನ ಆಕೆಯ ಹೆಸರನ್ನು ಬಿಡಿಸುತ್ತಾರೆ. ಕವಿಗಳು ಒಪ್ಪಿಕೊಂಡು ಬಂದ ಸಂಪ್ರದಾಯದಲ್ಲಿ, ಅಂದರೆ ಕವಿಸಮಯದಲ್ಲಿ, ನಗೆಯ ಬಣ್ಣ ಬಿಳಿ. ಕೀರ್ತಿಯ ಬಣ್ಣವೂ ಬಿಳಿ. ಪಾಪ ಮತ್ತು ಅಪಕೀರ್ತಿ ಕಪ್ಪು, ಕೋಪ ಕೆಂಪು. ಹೊಯ್ಸಳರ ಕಾಲದ ಶಾಸನಗಳಲ್ಲಿ ದಾನಿಯೊಬ್ಬನ ಕೀರ್ತಿ ದಿಕ್ಕುಗಳನ್ನೆಲ್ಲ ಬೆಳ್ಳಗೆ ಮಾಡಿತು ಎಂಬ ಬಗೆಯ ಹೊಗಳಿಕೆ ಕಂಡರೆ ಅದರ ಹಿಂದೆ ಈ ಸಂಪ್ರದಾಯವಿದೆ. ತಿಳಿಯದೆ ಓದಿದವರಿಗೆ ಅದು ಬರಿಯ ಉತ್ಪ್ರೇಕ್ಷೆಯೆಂದು ಕಾಣುತ್ತದೆ.

ಹೊಲ ಮತ್ತು ಕಾಡುಗಳಲ್ಲಿ ಬಿಳಿಯ ಕೆಲಸ ಬೇರೆ. ಅಲ್ಲಿ ಅದು ಒಂದೇ ಜಾತಿಯ ಎರಡು ಬಗೆಗಳನ್ನು ಬೇರ್ಪಡಿಸುವ ಗುರುತು. ಬಿಳಿಜಾಲಿ ಇದೆ, ಕರಿಜಾಲಿ ಇದೆ. ಕಾಡಿನಲ್ಲಿ ಕರಿಮತ್ತಿ, ಕಾವೇರಿ, ಹೇಮಾವತಿಗಳ ದಡದಲ್ಲಿ ನುಣುಪು ತೊಗಟೆಯ ಬಿಳಿಮತ್ತಿ, ಹೊಳೆಯ ಪಕ್ಕದಲ್ಲಿ ಬೆಳೆಯುವುದರಿಂದ ಅದನ್ನೇ ಹೊಳೆಮತ್ತಿ ಎಂದೂ ಕರೆಯುತ್ತಾರೆ. ಎಳ್ಳಿನಲ್ಲಿ ಬಿಳಿ ಎಳ್ಳು, ಕರಿ ಎಳ್ಳು: ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಮೊದಲನೆಯದು, ತಿಥಿಗೆ ಎರಡನೆಯದು. ಈ ಜೋಡಿಗಳಲ್ಲಿ ಬಿಳಿ ಎಂದರೆ ಅಪ್ಪಟ ಬಿಳಿಯೇ ಆಗಬೇಕಿಲ್ಲ, ಜೊತೆಯದಕ್ಕಿಂತ ತಿಳಿಯಾಗಿದ್ದರೆ ಸಾಕು. ಬಿಳಿಮತ್ತಿಯ ತೊಗಟೆ ಬೂದು, ಬಿಳಿ ಎಳ್ಳು ಕೆನೆಬಣ್ಣದ್ದು. ಎಕ್ಕದಲ್ಲಿಯೂ ಇಂತಹ ಎರಡು ಬಗೆಗಳಿವೆ. ಹಾಸನ ಜಿಲ್ಲೆಯ ಅರಕಲಗೂಡಿನ ಹಳೆಯ ದೇವಾಲಯ ಅರ್ಕೇಶ್ವರನದು. ಅರ್ಕ ಎಂದರೆ ಸೂರ್ಯ. ಅದೇ ಅರ್ಕ ಎಕ್ಕದ ಗಿಡದ ಹೆಸರೂ ಹೌದು. ಬೇಲಿಯ ಸಾಲಿನ ಎಕ್ಕ ನಸುನೇರಳೆ ಹೂ ಬಿಡುತ್ತದೆ. ಬಿಳಿ ಹೂ ಬಿಡುವ ಬಿಳಿ ಎಕ್ಕ ಅಪರೂಪ, ಆದ್ದರಿಂದ ಪೂಜೆಗೆ ಶ್ರೇಷ್ಠ. ಅದರ ಬೇರಿನಲ್ಲಿ ಗಣಪತಿಯನ್ನು ಕೆತ್ತಿಸಿ ಮನೆಯಲ್ಲಿಟ್ಟುಕೊಳ್ಳುವವರಿದ್ದಾರೆ.

ದನ ಕಟ್ಟಿದವರಿಗೆ ಬಿಳಿ ಇನ್ನೂ ಸೂಕ್ಷ್ಮ. ಹಳ್ಳಿಕಾರ್ ತಳಿಯ ಎತ್ತುಗಳ ಮೈ ಬಿಳಿಬೂದಿನಿಂದ ಕಡುಬೂದಿನವರೆಗೆ ಇರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಿ ಜೋಡಿ ನೋಡುವವರು ಎರಡು ಎತ್ತುಗಳ ಬಿಳುಪು ಒಂದಕ್ಕೊಂದು ಹೊಂದುತ್ತದೆಯೇ ಎಂದೂ ನೋಡುತ್ತಾರೆ. ರೇಷ್ಮೆ ಬೆಳೆಗಾರರಿಗೆ ಬಿಳಿಗೂಡು ಎಂದರೆ ದ್ವಿತಳಿಯ ಗೂಡು, ಹಳದಿ ಬಣ್ಣದ ಮಿಶ್ರತಳಿ ಗೂಡಿಗಿಂತ ಇದರ ನೂಲು ಉದ್ದ. ತೆಂಗಿನ ತೋಟದವರಿಗೆ ಬಿಳಿ ಎಂದರೆ ಈಗ ಭಯವೂ ಹೌದು. ಎಲೆಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಟ್ಟು ರಸ ಹೀರುವ ಬಿಳಿನೊಣ ಭಾರತದಲ್ಲಿ ಮೊದಲು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಕಂಡು ನಂತರ ಕರ್ನಾಟಕದ ತೋಟಗಳಿಗೂ ಹರಡಿತು. ಕೊಡಗಿಗೆ ತಾಗಿದ ಅರಕಲಗೂಡಿನ ಅಂಚಿನಲ್ಲಿ ಕಾಫಿ ಬೆಳೆಯುವವರಿಗೆ ಬಿಳಿಕಾಂಡಕೊರಕದ ಕಾಟ. ಅರೇಬಿಕಾ ಗಿಡದ ಕಾಂಡ ಕೊರೆಯುವ ಆ ದುಂಬಿಯ ರೆಕ್ಕೆಯ ಮೇಲೆ ಬಿಳಿ ಪಟ್ಟೆಗಳಿವೆ. ನಾಲೆಯ ನೀರು ಬಿಟ್ಟು ಗದ್ದೆ ಉಳುವಾಗ ನೇಗಿಲಿನ ಹಿಂದೆಯೇ ಇಳಿಯುವ ಬೆಳ್ಳಕ್ಕಿಯಿಂದ ಮಾತ್ರ ರೈತನಿಗೆ ಉಪಕಾರವೇ. ಬೆಳ್ ಮತ್ತು ಹಕ್ಕಿ ಸೇರಿ ಆದ ಆ ಹೆಸರು ಕನ್ನಡದ ಅಂದದ ಮಾತುಗಳಲ್ಲಿ ಒಂದು.

ಬಟ್ಟೆಯ ವಿಷಯಕ್ಕೆ ಬಂದರೆ ಬಿಳಿಯ ಅರ್ಥಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ‘ಬಟ್ಟೆ ಬೆಳ್ಳಗಾಯಿತು’ ಎಂದರೆ ಕೊಳೆ ಹೋಯಿತು. ಶುಭ್ರ ಎಂಬ ಸಂಸ್ಕೃತ ಪದಕ್ಕೂ ಬಿಳಿ, ನಿರ್ಮಲ ಎಂಬ ಎರಡರ್ಥ ಇರುವುದನ್ನು ಗಮನಿಸಬಹುದು. ಒಗೆದು ಹಳದಿಗಟ್ಟಿದ ಪಂಚೆಗೆ ಕೊನೆಯ ನೀರಿನಲ್ಲಿ ಚೂರು ನೀಲಿ ಹಾಕುತ್ತಾರೆ. ನೀಲಿ ಹಳದಿಯ ಛಾಯೆಯನ್ನು ಅಡಗಿಸುವುದರಿಂದ ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ ಹಳೇ ಮೈಸೂರಿನ ರೈತ ಮುಖಂಡರ ಉಡುಪಾಗಿ ನಿಂತಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿ 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಆ ಉಡುಪನ್ನು ದೆಹಲಿಯವರೆಗೂ ಕೊಂಡೊಯ್ದರು.

ಮದುವೆಯಲ್ಲಿ ಅನೇಕ ಮನೆತನಗಳಲ್ಲಿ ಧಾರೆಯ ಸೀರೆ ಬಿಳಿ ಅಥವಾ ಕೆನೆಬಣ್ಣದ್ದು, ಕೆಂಪು ಅಂಚಿನದು. ಸತ್ತವರಿಗೆ ಹೊದಿಸುವ ಬಟ್ಟೆಯೂ ಬಿಳಿ. ಗಂಡ ಸತ್ತ ಹೆಂಗಸು ಬಿಳಿ ಸೀರೆ ಉಡಬೇಕೆಂಬ ಕಟ್ಟು ಹಲವು ಸಮುದಾಯಗಳಲ್ಲಿತ್ತು. ಆದರೆ ಕನ್ನಡ ನಾಡಿನ ಬ್ರಾಹ್ಮಣ ವಿಧವೆಯರು ಉಡುತ್ತಿದ್ದುದು ಕೆಂಪು ಸೀರೆ. ಬಿಳಿ ಎಂದರೆ ವೈಧವ್ಯ ಎಂದು ಸಿನಿಮಾಗಳು ಕಲಿಸಿದ ಪಾಠ ನಮ್ಮ ನೆಲಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಯಾವ ಬಣ್ಣವಾದರೂ ಸರಿ, ಒಬ್ಬಳ ಮೇಲೆ ಅದನ್ನು ಹೇರಿದ್ದು ಅನ್ಯಾಯವೇ.

ಮನುಷ್ಯರ ಮೈಬಣ್ಣಕ್ಕೆ ಬಂದಾಗ ಹಾಸನದ ಕಡೆಯ ಜನ ‘ಬೆಳ್ಳಗಿದ್ದಾಳೆ’ ಎಂದಷ್ಟೇ ಸಹಜವಾಗಿ ‘ಕೆಂಪಗಿದ್ದಾಳೆ’ ಎಂದೂ ಹೇಳುತ್ತಾರೆ. ಕೆಂಪೇಗೌಡ, ಕೆಂಪಮ್ಮ, ಕರಿಗೌಡ, ಕರಿಯಮ್ಮ ಎಂಬ ಹೆಸರುಗಳ ಮುಂದೆ ಬಿಳಿಯ ಹೆಸರುಗಳು ಕಡಿಮೆ. ಮೈಬಣ್ಣದ ಅಳತೆಗೋಲಾಗಿ ಬಿಳಿ ಬಲವಾದದ್ದು ಈಚೆಗೆ. ಮುಖದ ಕ್ರೀಮಿನ ಜಾಹೀರಾತುಗಳು ಅದಕ್ಕೆ ನೀರೆರೆದವು. ಹೆಣ್ಣು ನೋಡುವ ಮನೆಗಳಲ್ಲಿ ಆ ಅಳತೆಗೋಲು ಮಾಡಿದ ಗಾಯಗಳು ಸಣ್ಣವಲ್ಲ. ಹಳೆಯ ಮಾತು ಮಾತ್ರ ಈ ವಿಷಯದಲ್ಲಿ ಎಚ್ಚರವಾಗಿತ್ತು: ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಂದಿಗೂ ದಿನಬಳಕೆಯಲ್ಲಿದೆ.

ಬೆಳಕಿನ ಮಾತಾದ ಬಿಳಿ ದೇಹದ ಮಟ್ಟಿಗೆ ಕೊರತೆಯನ್ನು ಹೇಳುತ್ತದೆ. ಹೆದರಿದವನ ಮುಖ ಬಿಳಿಚಿಕೊಳ್ಳುತ್ತದೆ, ರಕ್ತ ಕಡಿಮೆಯಾದವರ ಮುಖವೂ ಬಿಳಿಚುತ್ತದೆ. ಬಾಣಂತಿಯ ಕೆಳರೆಪ್ಪೆಯನ್ನು ಎಳೆದು ನೋಡಿ ಒಳಗೆ ಬೆಳ್ಳಗಿದೆ ಎಂದು ಹೇಳಿದರೆ ಅದು ಒಳ್ಳೆಯ ಸುದ್ದಿಯಲ್ಲ. ಹೆಂಗಸರು ವೈದ್ಯರ ಬಳಿಯೂ ಹೇಳಲು ಹಿಂಜರಿಯುವ ಬಿಳಿಸೆರಗು ಇನ್ನೊಂದು. ಸೋಂಕಿನಿಂದ ಆದದ್ದಾದರೆ ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಮುಚ್ಚಿಡಬೇಕಾದ ಕಾರಣವಿಲ್ಲ.

ಇಂಗ್ಲಿಷಿನ ಜೊತೆಗಿನ ಒಡನಾಟದಿಂದ ಬಂದ ಅರ್ಥಗಳು ಕೊನೆಯವು. ಯೂರೋಪಿನವರು ಬಿಳಿಯರಾದರು. ಸೋತವರು ಬಿಳಿ ಬಾವುಟ ಹಾರಿಸಿದರು, ಸಾಕಲಾರದ ಯೋಜನೆ ಬಿಳಿಯಾನೆಯಾಯಿತು. ಸರ್ಕಾರ ಹೊರಡಿಸುವುದು ಶ್ವೇತಪತ್ರ, ಅಮೆರಿಕದ ಅಧ್ಯಕ್ಷರ ಮನೆ ಶ್ವೇತಭವನ, ಹಾಲಿನ ಉತ್ಪಾದನೆ ಹೆಚ್ಚಿಸಿದ್ದು ಶ್ವೇತಕ್ರಾಂತಿ ಅಥವಾ ಕ್ಷೀರಕ್ರಾಂತಿ. ಕಚೇರಿಯ ಮಾತಿಗೆ ಶ್ವೇತ, ಮನೆಯ ಮಾತಿಗೆ ಬಿಳಿ ಎಂಬ ಹಂಚಿಕೆ ಇಲ್ಲಿ ಕಾಣುತ್ತದೆ. ಕಪ್ಪುಹಣಕ್ಕೆ ಎದುರಾಗಿ ಬಿಳಿಹಣ ಹುಟ್ಟಿತು. ಜಮೀನಿನ ವ್ಯವಹಾರದಲ್ಲಂತೂ ‘ವೈಟ್‌ನಲ್ಲಿ ಎಷ್ಟು’ ಎಂದೇ ಕೇಳುತ್ತಾರೆ. ಲೆಕ್ಕಕ್ಕೆ ಸಿಕ್ಕಿದ್ದು, ಕಾನೂನಿಗೆ ಒಪ್ಪಿದ್ದು ಎಂಬ ಅರ್ಥ ಬಿಳಿಗೆ ಹಿಂದೆ ಇರಲಿಲ್ಲ.

ಹೊಸ ಅರ್ಥಗಳು ಪತ್ರಿಕೆಗಳಲ್ಲಿ, ನಿಘಂಟುಗಳಲ್ಲಿ ದಾಖಲಾಗುತ್ತವೆ. ದನದ ಮೈಯ ಬಿಳಿಗಳು, ಮರದ ತೊಗಟೆಯ ಬಿಳಿಗಳು, ಹೊಲದ ಮಣ್ಣಿನ ಬಿಳಿಗಳು ಮಾತ್ರ ಇನ್ನೂ ಹಳ್ಳಿಯ ಹಿರಿಯರ ಬಾಯಲ್ಲಷ್ಟೇ ಇವೆ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಶಾಲೆಗಳ ಕನ್ನಡ ಮೇಷ್ಟರುಗಳು ಮಕ್ಕಳ ಕೈಯಲ್ಲಿ ಒಂದೊಂದು ನೋಟ್‌ಬುಕ್ ಕೊಟ್ಟು, ಅವರವರ ಅಜ್ಜ ಅಜ್ಜಿಯರಿಂದ ಆ ಮಾತುಗಳನ್ನು ಕೇಳಿ ಬರೆಸಬೇಕು. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.